ಅಡುಗೆಮನೆಯ ಆನಂದ: ಸಹೋದರ ಲಾರೆನ್ಸರ ಚರಿತ್ರೆ ದುಡಿಮೆಯ ದೈವಶಾಸ್ತ್ರಕ್ಕೆ ಕಲಿಸುವ ಪಾಠ

ಪ್ರತಿವರ್ಷ ಮೇ 1ರಂದು ಧರ್ಮಸಭೆಯು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ಈ ಹಬ್ಬವನ್ನು ಸ್ಥಾಪಿಸಿದಂದಿನಿಂದ ಆ ದಿನದ ಪ್ರಬೋಧನೆಗೆ ಒಂದು ಸಿದ್ಧ ರೂಪವೇ ಏರ್ಪಟ್ಟಿದೆ. ನಜರೇತಿನ ಬಡಗಿಯ ಮನೆಯನ್ನು ನೆನೆಯುತ್ತೇವೆ, ದುಡಿಮೆಯ ಘನತೆಯನ್ನು ಹೊಗಳುತ್ತೇವೆ, ಕೊನೆಗೆ ಮಾಡುವ ಕೆಲಸವನ್ನು ಆನಂದದಿಂದ ಮಾಡಿರೆಂದು ಭಕ್ತರಿಗೆ ಹೇಳಿ ಮುಗಿಸುತ್ತೇವೆ. ನಾವೂ ಹಲವು ವರ್ಷ ಹೀಗೆಯೇ ಬೋಧಿಸಿದ್ದೇವೆ. ಒಮ್ಮೆ ಅಂಥ ಬಲಿಪೂಜೆಯ ನಂತರ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಮಹಿಳೆಯೊಬ್ಬರು ದೇವಾಲಯದ ಬಾಗಿಲಲ್ಲಿ ನಮ್ಮನ್ನು ಕೇಳಿದರು: "ಸ್ವಾಮಿ, ಗಂಟೆಗೆ ಎಷ್ಟು ಪೀಸು ಹೊಲಿಯಬೇಕು ಅಂತ ಬೋರ್ಡಿನ ಮೇಲೆ ಬರೆದಿಟ್ಟಿರುತ್ತಾರೆ. ಅಲ್ಲಿ ಆನಂದಕ್ಕೆ ಹೊತ್ತು ಎಲ್ಲಿದೆ?" ಆಕೆ ವ್ಯಂಗ್ಯವಾಡಲಿಲ್ಲ, ನಿಜವಾಗಿಯೇ ಕೇಳಿದರು. ನಾವು ಕೊಟ್ಟ ಉತ್ತರವು ಆಕೆಗಿರಲಿ, ನಮಗೇ ಸಮಾಧಾನ ತರಲಿಲ್ಲ.

ಪ್ರಭುವಿನಲ್ಲಿ ಸದಾ ಹರ್ಷಿಸಬೇಕೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದುದು ಸೆರೆಯಲ್ಲಿದ್ದುಕೊಂಡು. ಕೊಲೊಸ್ಸೆಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ, ಮಾಡುವ ಕೆಲಸವನ್ನು ಪ್ರಭುವಿಗಾಗಿ ಎಂಬಂತೆ ಮನಃಪೂರ್ವಕವಾಗಿ ಮಾಡಬೇಕೆಂಬ ಉಪದೇಶ ಬರುವುದು ದಾಸರನ್ನು ಕುರಿತು. ಈ ಮಾತುಗಳು ಸುಖಾಸೀನರಿಗೆ ಹೇಳಿದವುಗಳಲ್ಲ. ಆದರೂ ಇವನ್ನು ಇಂದಿನ ದುಡಿಮೆಗಾರನ ಮುಂದೆ ಇಡುವಾಗ ನಾವು ಏನನ್ನು ಕೇಳುತ್ತಿದ್ದೇವೆ? ಒಂದು ಮನಸ್ಥಿತಿಯನ್ನೇ, ಒಂದು ಕರ್ತವ್ಯವನ್ನೇ, ಅಥವಾ ಬೇರೊಂದನ್ನೇ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ. ದುಡಿಮೆಯ ನಡುವಣ ಆನಂದಕ್ಕೆ ಕ್ರೈಸ್ತ ಲೋಕವು ಹೆಚ್ಚಾಗಿ ಉದಾಹರಿಸುವ ವ್ಯಕ್ತಿ ಹದಿನೇಳನೆಯ ಶತಮಾನದ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಯವರಾದ ಸಹೋದರ ಲಾರೆನ್ಸ್. ಅವರ ಬಳಿಗೆ ಹೋಗುವ ಮುನ್ನ, ಅವರಿಗೆ ಹಿನ್ನೆಲೆಯಾಗಿದ್ದ ಹಳೆಯದೊಂದು ಬೋಧನೆಯನ್ನು ನೋಡಬೇಕು.

1. ಮರುಭೂಮಿಯ ರೋಗ

ದುಡಿಮೆಯ ನಡುವೆ ಆನಂದವು ಬತ್ತಿಹೋಗುವುದನ್ನು ಮೊದಲು ಸೂಕ್ಷ್ಮವಾಗಿ ಗುರುತಿಸಿದವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಇದಕ್ಕೆ 'ಅಸೀಡಿಯ' ಎಂಬ ಗ್ರೀಕ್ ಹೆಸರನ್ನು ಬಳಸಿ, ಮಧ್ಯಾಹ್ನದ ಪಿಶಾಚಿಯೆಂದು ವರ್ಣಿಸಿದನು. ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಸೂರ್ಯನು ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಗಳಿದ್ದಂತೆ ಸನ್ಯಾಸಿಗೆ ತೋರುತ್ತದೆ. ಯಾರಾದರೂ ಬರುವರೋ ಎಂದು ಆತನ ಕಣ್ಣು ಪದೇ ಪದೇ ಕಿಟಕಿಯ ಕಡೆಗೆ ಹೊರಳುತ್ತದೆ. ಇರುವ ಸ್ಥಳವನ್ನು ಕಂಡರೆ ಆಗದು, ಕೈಕೆಲಸವನ್ನು ಕಂಡರೆ ಆಗದು. ಸಹೋದರರಲ್ಲಿ ಪ್ರೀತಿ ಉಳಿದಿಲ್ಲವೆಂಬ ಭಾವ. ಬೇರೆಲ್ಲಿಗಾದರೂ ಹೋದರೆ ಹಗುರವಾದ ಕೆಲಸ ಸಿಕ್ಕೀತೆಂಬ ಕನಸು. ಇಂದಿನ ಯಾವ ಕಚೇರಿಯ ಮೇಜಿಗಾದರೂ ಒಪ್ಪುವ ಚಿತ್ರವಿದು.

ಎವಾಗ್ರಿಯಸನ ಬೋಧನೆಯನ್ನು ಪಶ್ಚಿಮಕ್ಕೆ ತಂದ ಯೊಹಾನ ಕ್ಯಾಸಿಯನ್ ತನ್ನ 'ಸಂಸ್ಥೆಗಳು' ಎಂಬ ಗ್ರಂಥದ ಹತ್ತನೆಯ ಪುಸ್ತಕವನ್ನು ಪೂರ್ತಿಯಾಗಿ ಈ ರೋಗಕ್ಕೇ ಮೀಸಲಿಟ್ಟನು. ಅಲ್ಲಿ ಅಬ್ಬಾ ಪೌಲನೆಂಬ ತಪಸ್ವಿಯ ವೃತ್ತಾಂತವಿದೆ. ಊರುಗಳಿಂದ ಏಳು ದಿನಗಳ ಹಾದಿಯಷ್ಟು ದೂರದಲ್ಲಿದ್ದ ಆತನ ಕೈಕೆಲಸದ ಬೆಲೆಗಿಂತ ಅದನ್ನು ಸಾಗಿಸುವ ಖರ್ಚೇ ಹೆಚ್ಚು. ಆದರೂ ಆತನು ನಿತ್ಯವೂ ತಾಳೆಗರಿಗಳನ್ನು ಕೂಡಿಸಿ, ಜೀವನಕ್ಕೆ ಬೇಕೇ ಬೇಕೆಂಬಂತೆ ದುಡಿಯುತ್ತಿದ್ದನು. ವರ್ಷದ ಕೊನೆಗೆ ಗವಿ ತುಂಬಿದಾಗ ಎಲ್ಲವನ್ನೂ ಬೆಂಕಿಗೆ ಹಾಕುತ್ತಿದ್ದನು. ಈ ವೃತ್ತಾಂತವನ್ನು ಶ್ರಮದ ನಿರರ್ಥಕತೆಯ ಕಥೆಯೆಂದು ಓದುವವರುಂಟು. ಕ್ಯಾಸಿಯನ್ ಹೇಳುವುದು ಬೇರೆ: ಕೈಗೆ ಕೆಲಸವಿಲ್ಲದೆ ಸನ್ಯಾಸಿಯು ತನ್ನ ನೆಲೆಯಲ್ಲಿ ನಿಲ್ಲಲಾರನು. ಅಲ್ಲಿ ದುಡಿಮೆಯು ಆನಂದಕ್ಕೆ ಅಡ್ಡಿಯಲ್ಲ, ಬೇಸರಕ್ಕೆ ಔಷಧಿ.

ನಮ್ಮ ಧರ್ಮೋಪದೇಶಗಳಲ್ಲಿ ಏಳು ಮೂಲಪಾಪಗಳ ಪಟ್ಟಿಯ ಕೊನೆಗೆ 'ಸೋಮಾರಿತನ' ಎಂದು ಬರುವುದು ಈ ಅಸೀಡಿಯವೇ. ಅನುವಾದ ತಪ್ಪಲ್ಲ, ಆದರೆ ಕಿರಿದು. ಸೋಮಾರಿಯಲ್ಲದವನಿಗೂ, ಬೆಳಗಿನಿಂದ ಇರುಳಿನವರೆಗೆ ಓಡಾಡುವವನಿಗೂ ಈ ರೋಗ ತಗಲುತ್ತದೆ.

2. ಆನಂದವು ಫಲ, ಸದ್ಗುಣವಲ್ಲ

ಈ ಅನುಭವಕ್ಕೆ ದೈವಶಾಸ್ತ್ರದ ಚೌಕಟ್ಟು ಕೊಟ್ಟವರು ಸಂತ ಅಕ್ವಿನಾಸರ ತೋಮಾಸರು. 'ದೈವಶಾಸ್ತ್ರ ಸಂಗ್ರಹ'ದ ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ, 28ನೆಯ ಪ್ರಶ್ನೆಯಲ್ಲಿ ಆನಂದವನ್ನೂ 35ನೆಯ ಪ್ರಶ್ನೆಯಲ್ಲಿ ಅಸೀಡಿಯವನ್ನೂ ಅವರು ಚರ್ಚಿಸುತ್ತಾರೆ. ಎರಡನ್ನೂ ಒಟ್ಟಿಗೆ ಓದಿದರೆ ನಮ್ಮ ಪ್ರಬೋಧನೆಗೆ ಬೇಕಾದ ಮೂರು ಅಂಶಗಳು ಸಿಗುತ್ತವೆ.

ಮೊದಲನೆಯದಾಗಿ, ತೋಮಾಸರ ಪ್ರಕಾರ ಆನಂದವು ಪ್ರತ್ಯೇಕವಾದ ಸದ್ಗುಣವಲ್ಲ. ಅದು ದೈವಪ್ರೀತಿಯ ಪರಿಣಾಮ. ಸಂತ ಪೌಲರು ಗಲಾತ್ಯರಿಗೆ ಬರೆಯುತ್ತಾ ಪವಿತ್ರಾತ್ಮರ ಫಲಗಳಲ್ಲಿ ಅದನ್ನು ಎಣಿಸಿರುವುದೂ ಇದಕ್ಕೆ ಹೊಂದುತ್ತದೆ. ಫಲವನ್ನು ಬೇಕೆಂದು ಗಿಡಕ್ಕೆ ಆಜ್ಞೆ ಮಾಡಲಾಗದು. ಬೇರಿಗೆ ನೀರೆರೆಯಬಹುದು, ಅಷ್ಟೆ. ಎರಡನೆಯದಾಗಿ, ಅಸೀಡಿಯವೆಂದರೆ ದೈವೀ ಒಳಿತನ್ನು ಕುರಿತೇ ಮನುಷ್ಯನು ದುಃಖಿಸುವುದು. ದೇವರು ತನ್ನೊಡನೆ ಬಯಸುವ ಗೆಳೆತನವೇ ಹೊರೆಯಾಗಿ ತೋರುವ ಸ್ಥಿತಿ ಅದು. ಆದುದರಿಂದ ದೈಹಿಕ ದಣಿವು ಅಸೀಡಿಯವಲ್ಲ, ಅನ್ಯಾಯವನ್ನು ಕಂಡು ಪಡುವ ದುಃಖವೂ ಅಸೀಡಿಯವಲ್ಲ. ಮೂರನೆಯದಾಗಿ, ಅಸೀಡಿಯವು ಹತ್ತು ಆಜ್ಞೆಗಳಲ್ಲಿ ಯಾವುದಕ್ಕೆ ವಿರೋಧವೆಂಬ ಪ್ರಶ್ನೆಗೆ ತೋಮಾಸರು ಕೊಡುವ ಉತ್ತರ ಅನೇಕರಿಗೆ ಅಚ್ಚರಿ ತರಬಹುದು: ಸಬ್ಬತ್ತನ್ನು ಪವಿತ್ರವಾಗಿ ಆಚರಿಸಬೇಕೆಂಬ ಆಜ್ಞೆಗೆ. ಆ ಆಜ್ಞೆಯು ಮನಸ್ಸು ದೇವರಲ್ಲಿ ವಿಶ್ರಮಿಸಬೇಕೆಂದು ವಿಧಿಸುತ್ತದೆ; ಅಸೀಡಿಯವು ಆ ವಿಶ್ರಾಂತಿಯನ್ನೇ ಸಹಿಸದು. ದುಡಿಮೆಯ ಆನಂದದ ಬೇರು ವಿಶ್ರಾಂತಿಯ ಆಜ್ಞೆಯಲ್ಲಿದೆ ಎಂಬುದನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

3. ನಿಕೊಲಾ ಹರ್ಮಾನ್‌ನಿಂದ ಸಹೋದರ ಲಾರೆನ್ಸ್‌ರವರೆಗೆ

ಸಹೋದರ ಲಾರೆನ್ಸರ ಜನ್ಮನಾಮ ನಿಕೊಲಾ ಹರ್ಮಾನ್. 1614ರ ಸುಮಾರಿಗೆ ಲೊರೇನ್ ಪ್ರಾಂತದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ನಿಂತ ಒಂದು ಮರವನ್ನು ಕಂಡು, ಇದೇ ಮರ ಇನ್ನು ಕೆಲಕಾಲದಲ್ಲಿ ಚಿಗುರಿ ಹೂಬಿಟ್ಟು ಹಣ್ಣಾಗುವುದಲ್ಲವೇ ಎಂದು ಯೋಚಿಸಿದಾಗ ದೇವರ ಪಾಲನೆಯ ಅರಿವು ಅವರಲ್ಲಿ ಮೂಡಿತು. ಆದರೆ ಆ ಅರಿವು ಅವರನ್ನು ನೇರವಾಗಿ ಮಠಕ್ಕೆ ಒಯ್ಯಲಿಲ್ಲ. ಮೂವತ್ತು ವರ್ಷಗಳ ಯುದ್ಧದ ಕಾಲವದು, ನಿಕೊಲಾ ಸೈನಿಕರಾದರು. ಜರ್ಮನ್ ಪಡೆಯವರು ಅವರನ್ನು ಗೂಢಚಾರನೆಂದು ಹಿಡಿದು ನೇಣಿಗೇರಿಸುವ ಬೆದರಿಕೆ ಹಾಕಿದರು. ಮುಂದೆ ಸ್ವೀಡನ್ನಿನ ಪಡೆಯ ದಾಳಿಯಲ್ಲಿ ರಾಂಬರ್‌ವಿಲೆ ಎಂಬಲ್ಲಿ ಗಾಯಗೊಂಡರು. ಕಾಲಿನ ಕುಂಟು ಜೀವನಪೂರ್ತಿ ಉಳಿಯಿತು.

ಆಮೇಲೆ ಏಕಾಂತವಾಸಿಯಾಗಲು ಯತ್ನಿಸಿದರು, ಆಗಲಿಲ್ಲ. ರಾಜ್ಯದ ಖಜಾನೆಯ ಅಧಿಕಾರಿಯಾಗಿದ್ದ ಫ್ಯೂಬೆ ಎಂಬವರ ಮನೆಯಲ್ಲಿ ಸೇವಕರಾದರು. ಆ ಕೆಲಸದಲ್ಲಿ ತಾವು ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡನಾಗಿದ್ದುದಾಗಿ ಅವರೇ ಮುಂದೆ ನೆನೆಸಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸಿನ ವೊಜಿರಾರ್ ಬೀದಿಯಲ್ಲಿದ್ದ ಪಾದರಕ್ಷೆರಹಿತ ಕಾರ್ಮೆಲ್ ಸಭೆಯ ಮಠವನ್ನು ಶ್ರಮಿಕ ಸಹೋದರರಾಗಿ ಸೇರಿ, 1642ರಲ್ಲಿ ವ್ರತಗಳನ್ನು ಸ್ವೀಕರಿಸಿದರು. 'ಪುನರುತ್ಥಾನದ ಲಾರೆನ್ಸ್' ಎಂಬುದು ಅವರ ಸನ್ಯಾಸ ನಾಮ. ತಮ್ಮ ಒಡ್ಡುತನಕ್ಕೆ ಮಠದಲ್ಲಿ ತಕ್ಕ ಶಿಕ್ಷೆಯಾದೀತು, ಬದುಕಿನ ಸುಖಗಳನ್ನೆಲ್ಲ ದೇವರಿಗೆ ಬಲಿಕೊಡಬಹುದು ಎಂದುಕೊಂಡು ಅವರು ಒಳಹೊಕ್ಕರು. ಆದರೆ ದೇವರು ತಮ್ಮ ಲೆಕ್ಕವನ್ನು ತಪ್ಪಿಸಿದರು, ಅಲ್ಲಿ ದೊರೆತದ್ದು ತೃಪ್ತಿಯೇ ಎಂದು ಮುಂದೆ ನಗುತ್ತಾ ಹೇಳುತ್ತಿದ್ದರು.

ಅವರಿಗೆ ವಹಿಸಿದ ಕೆಲಸ ಅಡುಗೆಮನೆಯದು. ಇಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಎರಡು ಸಂಗತಿಗಳಿವೆ. ಒಂದು, ಅಡುಗೆಯ ಕೆಲಸವೆಂದರೆ ಅವರಿಗೆ ಸ್ವಭಾವತಃ ಜಿಗುಪ್ಸೆ. ಅದು ಅವರು ಆಯ್ದುಕೊಂಡ ಕೆಲಸವಲ್ಲ. ಮೆಚ್ಚಿದ ಕೆಲಸವೂ ಅಲ್ಲ. ಆದರೂ ಅಲ್ಲಿ ಹದಿನೈದು ವರ್ಷ ದುಡಿದರು. ಇನ್ನೊಂದು, ಮಠದ ಮೊದಲ ಹತ್ತು ವರ್ಷಗಳು ಅವರ ಪಾಲಿಗೆ ಆಂತರಿಕ ಸಂಕಟದ ವರ್ಷಗಳು. ತಮ್ಮ ಪಾಪಗಳ ನೆನಪು ಬಿಡದೆ ಕಾಡಿತು. ನಾಲ್ಕು ವರ್ಷಕಾಲ ತಾವು ನರಕಕ್ಕೆ ಗುರಿಯಾದವರೆಂಬ ನಂಬಿಕೆಯಿಂದ ಬಿಡಿಸಿಕೊಳ್ಳಲಾರದೆ ಹೋದರು. ಕೊನೆಗೆ, ಏನೇ ಆಗಲಿ, ಬದುಕಿರುವಷ್ಟು ಕಾಲ ದೇವರ ಪ್ರೀತಿಗಾಗಿಯೇ ಎಲ್ಲವನ್ನೂ ಮಾಡುವೆನೆಂದು ನಿಶ್ಚಯಿಸಿ, ಶಾಂತಿಯ ಆಸೆಯನ್ನೂ ಕೈಬಿಟ್ಟರು. ಶಾಂತಿ ಬಂದದ್ದು ಆಮೇಲೆ. ಅಡುಗೆಮನೆಯ ಆನಂದವೆಂದು ನಾವು ಹಾಡಿಹೊಗಳುವುದು ಈ ಹತ್ತು ವರ್ಷಗಳನ್ನು ದಾಟಿ ಬಂದ ಆನಂದ.

ಅವರ ವಿಧಾನದಲ್ಲಿ ಗುಟ್ಟೇನೂ ಇರಲಿಲ್ಲ. ಕೆಲಸದ ಮೊದಲಲ್ಲಿ ದೇವರ ಕೃಪೆಯನ್ನು ಬೇಡುವುದು, ಕೆಲಸದ ನಡುವೆ ಅವರೊಡನೆ ಸರಳವಾಗಿ ಮಾತಾಡುವುದು, ಮುಗಿದ ಮೇಲೆ ಪರೀಕ್ಷಿಸಿಕೊಳ್ಳುವುದು. ಚೆನ್ನಾಗಿ ನಡೆದಿದ್ದರೆ ಕೃತಜ್ಞತೆ; ತಪ್ಪಿದ್ದರೆ ಕ್ಷಮೆ ಬೇಡಿ, ತಪ್ಪಿನ ಮೇಲೆಯೇ ಕೂತಿರದೆ ಮುಂದುವರಿಯುವುದು. ಬಾಣಲೆಯಲ್ಲಿ ಮೊಟ್ಟೆಯ ದೋಸೆ ತಿರುವಿಹಾಕುವುದೂ, ನೆಲದಿಂದ ಒಂದು ಹುಲ್ಲುಕಡ್ಡಿ ಎತ್ತುವುದೂ ದೇವರ ಪ್ರೀತಿಗಾಗಿಯೇ ಎಂಬುದು ಅವರ ನಿಲುವು. ಪ್ರಾರ್ಥನೆಗೆ ಗೊತ್ತುಮಾಡಿದ ಹೊತ್ತಿಗೂ ಪಾತ್ರೆಗಳ ಸದ್ದಿನ ಹೊತ್ತಿಗೂ ತಮಗೆ ಭೇದವಿಲ್ಲವೆಂದು ಅವರು ಹೇಳಿದ್ದು ಪ್ರಸಿದ್ಧವಾಗಿದೆ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಅವರನ್ನು ಬರ್ಗಂಡಿಗೂ ಕಳುಹಿಸಿದ್ದುಂಟು. ವ್ಯಾಪಾರ ತಿಳಿಯದ, ಕಾಲು ಸರಿಯಿಲ್ಲದ ಅವರು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಸಾಗಬೇಕಾಯಿತು. ಇದು ದೇವರ ಕೆಲಸವೆಂದು ದೇವರಿಗೇ ಹೇಳಿ ತೊಡಗಿದ್ದೆ, ಹೇಗೋ ಸರಿಯಾಗಿಯೇ ಮುಗಿಯಿತು ಎಂಬುದು ಅವರ ವರದಿ.

ತೋಮಾಸರ ಬೋಧನೆಯನ್ನು ಈ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ತಿಳಿಯಾಗುತ್ತದೆ. ಸಹೋದರ ಲಾರೆನ್ಸರು ಆನಂದವನ್ನು ಅಭ್ಯಾಸ ಮಾಡಲಿಲ್ಲ. ಸಾನ್ನಿಧ್ಯವನ್ನು ಅಭ್ಯಾಸ ಮಾಡಿದರು. ಇಷ್ಟವಿಲ್ಲದ ಕೆಲಸವನ್ನು ಇಷ್ಟವೆಂದು ತಮಗೆ ತಾವೇ ಹೇಳಿಕೊಳ್ಳಲೂ ಇಲ್ಲ. ಬೇರಿಗೆ ನೀರೆರೆದರು, ಫಲ ತನ್ನ ಕಾಲಕ್ಕೆ ಬಂತು.

4. ಒಂದು ಪುಸ್ತಕದ ಪಯಣ

ಅವರು 1691ರ ಫೆಬ್ರವರಿ 12ರಂದು ತೀರಿಕೊಂಡರು. ಸ್ವತಃ ಗ್ರಂಥವನ್ನೇನೂ ಪ್ರಕಟಿಸಿರಲಿಲ್ಲ. 1666ರ ಆಗಸ್ಟ್ 3ರಂದು ಅವರೊಡನೆ ಮೊದಲ ಸಂಭಾಷಣೆ ನಡೆಸಿದ್ದ ಗುರು ಜೋಸೆಫ್ ದ ಬೊಫೋರ್ ಅವರು, ಹದಿನಾರು ಪತ್ರಗಳನ್ನೂ ಕೆಲವು ಸೂಕ್ತಿಗಳನ್ನೂ ತಮ್ಮ ಟಿಪ್ಪಣಿಗಳನ್ನೂ 1692 ಮತ್ತು 1694ರಲ್ಲಿ ಮುದ್ರಿಸಿದರು. ಆಗ ಫ್ರಾನ್ಸಿನ ಧರ್ಮಸಭೆಯಲ್ಲಿ ನಿಶ್ಚಲತಾವಾದದ ವಿವಾದ ಕಾವೇರಿತ್ತು. ಮಹಾಧರ್ಮಾಧ್ಯಕ್ಷ ಫೆನೆಲೊನ್ ಅವರು ತಮ್ಮ ಪಕ್ಷದ ಸಮರ್ಥನೆಗೆ ಸಹೋದರ ಲಾರೆನ್ಸರನ್ನೂ ಉಲ್ಲೇಖಿಸಿದರು. 1699ರಲ್ಲಿ ಪೋಪ್ ಹನ್ನೆರಡನೆಯ ಇನ್ನೊಸೆಂಟ್‌ರವರು ಫೆನೆಲೊನರ ಗ್ರಂಥದ 23 ವಾಕ್ಯಗಳನ್ನು ಖಂಡಿಸಿದರು. ಲಾರೆನ್ಸರ ಮೇಲೆ ಯಾವ ತೀರ್ಪೂ ಬರಲಿಲ್ಲ. ಆದರೂ ಆ ನೆರಳು ಬಿದ್ದು ಅವರ ಬರಹ ಸ್ವದೇಶದ ಕಥೋಲಿಕರಲ್ಲಿ ಬಹುಕಾಲ ಮರೆಯಾಯಿತು. ಅದನ್ನು ಕಾಪಾಡಿ ಹರಡಿದವರು ಹೆಚ್ಚಾಗಿ ಪ್ರೊಟೆಸ್ಟಂಟರು. ಪಿಯೆರ್ ಪೊಯಿರೆ ಮರುಮುದ್ರಿಸಿದನು. ಜಾನ್ ವೆಸ್ಲಿ ತಮ್ಮ 'ಕ್ರೈಸ್ತ ಗ್ರಂಥಮಾಲೆ'ಯಲ್ಲಿ ಸೇರಿಸಿಕೊಂಡರು.

ಫೆನೆಲೊನ್ ತಾವು ಕಂಡ ಲಾರೆನ್ಸರ ಬಗ್ಗೆ ಬಿಟ್ಟುಹೋದ ಸಾಕ್ಷ್ಯ ಚಿಕ್ಕದಾದರೂ ಬೆಲೆಯುಳ್ಳದ್ದು. ತೀವ್ರ ಕಾಯಿಲೆಯಲ್ಲಿ ಮಲಗಿದ್ದ ಅವರನ್ನು ನೋಡಲು ಹೋದಾಗ, ರೋಗಿಯು ಬಹಳ ಉಲ್ಲಾಸದಿಂದಿದ್ದರೆಂದು ಅವರು ಬರೆದಿದ್ದಾರೆ. ಕೆಲಸ ಮಾಡುವ ಶಕ್ತಿ ಹೋದ ಮೇಲೂ ಉಳಿದ ಆನಂದವು ಕೆಲಸದಿಂದ ಬಂದದ್ದಾಗಿರಲಾರದು.

ವೊಜಿರಾರ್ ಬೀದಿಯ ಆ ಮಠ ಕ್ರಾಂತಿಯ ಕಾಲದಲ್ಲಿ ಸೆರೆಮನೆಯಾಗಿ, 1792ರ ಸೆಪ್ಟೆಂಬರ್ 2ರಂದು ನೂರಕ್ಕೂ ಹೆಚ್ಚು ಧರ್ಮಾಧಿಕಾರಿಗಳ ರಕ್ತವನ್ನು ಕಂಡಿತು. ಇಂದು ಆ ಆವರಣದಲ್ಲಿ ಒಂದು ಗುರುಮಠವಿದೆ. ಕಾರ್ಮೆಲ್ ಪರಂಪರೆ ನಮ್ಮ ಕರಾವಳಿಗೂ ಹೊಸತಲ್ಲ. 1878ರ ಕೊನೆಗೆ ಯೇಸುಸಭೆಯವರು ಬರುವವರೆಗೆ ಮಂಗಳೂರಿನ ಧರ್ಮಸೇವೆ ಪಾದರಕ್ಷೆರಹಿತ ಕಾರ್ಮೆಲ್ ಗುರುಗಳ ಕೈಯಲ್ಲಿತ್ತು. 1870ರಲ್ಲಿ ಕಾರ್ಮೆಲ್ ಭಗಿನಿಯರನ್ನು ಅಲ್ಲಿಗೆ ಕರೆತಂದ ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅವರೂ ಫ್ರಾನ್ಸಿನ ಕಾರ್ಮೆಲ್ ಸನ್ಯಾಸಿಯೇ.

5. ಆ ಅಡುಗೆಮನೆಯ ಗೋಡೆಗಳು

ಇಷ್ಟು ಹೇಳಿ ನಿಲ್ಲಿಸಿದರೆ, ದೇವಾಲಯದ ಬಾಗಿಲಲ್ಲಿ ನಮ್ಮನ್ನು ಕೇಳಿದ ಆ ಮಹಿಳೆಗೆ ಅನ್ಯಾಯ ಮಾಡಿದಂತೆ. ಲಾರೆನ್ಸರಿಗೆ ಸಾಧ್ಯವಾದದ್ದು ನಿಮಗೇಕೆ ಆಗದು ಎಂದು ಕೇಳುವವರು ಆ ಅಡುಗೆಮನೆಯ ಗೋಡೆಗಳನ್ನು ಗಮನಿಸಬೇಕು. ಅಲ್ಲಿ ಕೆಲಸಕ್ಕೆ ಗಂಟೆಯ ಮೇರೆಯಿತ್ತು; ಗಂಟೆ ಬಾರಿಸಿದಾಗ ಕೆಲಸ ಪ್ರಾರ್ಥನೆಗೆ ದಾರಿಬಿಡುತ್ತಿತ್ತು. ಭಾನುವಾರವು ಭಾನುವಾರವೇ ಆಗಿತ್ತು. ನಾಳೆ ಕೆಲಸ ಹೋದೀತೆಂಬ ಭಯವಿರಲಿಲ್ಲ. ಕಾಲಿನ ನೋವು ಹೆಚ್ಚಿ ನಿಂತು ಅಡುಗೆ ಮಾಡುವುದು ದುಸ್ತರವಾದಾಗ ಮಠವು ಅವರನ್ನು ಹೊರಗೆ ಕಳುಹಿಸಲಿಲ್ಲ; ಕುಳಿತು ಮಾಡಬಹುದಾದ ಚಪ್ಪಲಿ ಹೊಲಿಯುವ ಕೆಲಸವನ್ನು ಕೊಟ್ಟಿತು. ಅವರ ಆನಂದ ಈ ಏರ್ಪಾಡುಗಳಿಂದ ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಅದು ಕೃಪೆಯ ಫಲ. ಆದರೆ ಕೃಪೆಯು ಬೆಳೆದ ಮಣ್ಣು ಅದಾಗಿತ್ತು.

ಆ ಮಣ್ಣಿನಲ್ಲಿ ಕಲ್ಲೂ ಇತ್ತೆಂಬುದನ್ನು ಮುಚ್ಚಿಡಬಾರದು. ಮಠದಲ್ಲಿ ಗಾಯನವೃಂದದ ಸನ್ಯಾಸಿಗಳೆಂದೂ ಶ್ರಮಿಕ ಸಹೋದರರೆಂದೂ ಎರಡು ದರ್ಜೆಗಳಿದ್ದವು. ಲಾರೆನ್ಸರು ಕೆಳಗಿನದಕ್ಕೆ ಸೇರಿದವರು. ಅಂಥ ಸಹೋದರರನ್ನು ಸಮುದಾಯದ ಬದುಕಿಗೆ ಇನ್ನಷ್ಟು ಹತ್ತಿರ ತರಬೇಕೆಂದು ಧರ್ಮಸಭೆಯು ಸ್ಪಷ್ಟವಾಗಿ ಹೇಳಿದ್ದು 1965ರಲ್ಲಿ, ಸನ್ಯಾಸಜೀವನದ ನವೀಕರಣವನ್ನು ಕುರಿತ ಎರಡನೆಯ ವ್ಯಾಟಿಕನ್ ಮಹಾಸಭೆಯ ಆಜ್ಞಾಪತ್ರದಲ್ಲಿ. ಒಬ್ಬ ಸಂತನಂಥ ಮನುಷ್ಯನು ಅಸಮಾನತೆಯ ನಡುವೆ ಆನಂದದಿಂದಿದ್ದನೆಂಬುದು ಅಸಮಾನತೆಗೆ ಸಮರ್ಥನೆಯಾಗದು. ದಾಸರಿಗೆ ಪೌಲರು ಬರೆದ ಮಾತು ದಾಸ್ಯಕ್ಕೆ ಸಮರ್ಥನೆಯಾಗದಂತೆಯೇ ಇದು. ಅದೇ ಪತ್ರವು ಮುಂದುವರಿದು ಒಡೆಯರಿಗೆ ನ್ಯಾಯವನ್ನು ವಿಧಿಸುತ್ತದೆ ಎಂಬುದನ್ನು ನಮ್ಮ ಪ್ರಬೋಧನೆಗಳು ಎಷ್ಟು ಸಲ ನೆನೆದಿವೆ?

ಲಾರೆನ್ಸರು ತೀರಿಕೊಂಡು ಇನ್ನೂರು ವರ್ಷಗಳಾದಾಗ, 1891ರ ಮೇ 15ರಂದು, ಪೋಪ್ ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಜೀವನಕ್ಕೆ ಸಾಲುವ ಕೂಲಿ, ಮಿತವಾದ ದುಡಿಮೆಯ ಅವಧಿ, ಕಾರ್ಮಿಕರು ಸಂಘಟಿತರಾಗುವ ಹಕ್ಕು ಇವುಗಳೊಡನೆ ಭಾನುವಾರದ ವಿಶ್ರಾಂತಿಯನ್ನೂ ಅದು ನ್ಯಾಯದ ಪ್ರಶ್ನೆಯಾಗಿ ಎತ್ತಿಹಿಡಿಯಿತು. ಆ ವಿಶ್ರಾಂತಿ ಬರಿಯ ಬಿಡುವಲ್ಲ, ದೇವರ ಕಡೆಗೆ ತಿರುಗುವ ಹೊತ್ತು ಎಂದೂ ಹೇಳಿತು. ಇಲ್ಲಿ ತೋಮಾಸರ ಮಾತು ಮತ್ತೆ ಕೇಳಿಸುತ್ತದೆ. ಸಬ್ಬತ್ತನ್ನು ಕಸಿದುಕೊಂಡವನು ಬರಿಯ ಒಂದು ದಿನವನ್ನು ಕಸಿಯುವುದಿಲ್ಲ. ಉಳಿದ ಆರು ದಿನಗಳ ಆನಂದದ ಬೇರನ್ನೇ ಕತ್ತರಿಸುತ್ತಾನೆ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್‌ರವರು 'ಲಬೋರೆಂ ಎಕ್ಸೆರ್ಚೆನ್ಸ್' ಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನು ದುಡಿಮೆಗಾಗಿ ಇರುವುದಲ್ಲವೆಂದು ಬೋಧಿಸಿದರು. ಕಾಯಕಕ್ಕೆ ಶರಣರು ಕೊಟ್ಟ ಘನತೆಯನ್ನು ಬಲ್ಲ ಕನ್ನಡಿಗರಿಗೆ ಈ ಮಾತನ್ನು ಗ್ರಹಿಸುವುದು ಕಷ್ಟವಾಗಲಾರದು.

ಆದುದರಿಂದ ಆ ಮಹಿಳೆಗೆ ಇಂದು ನಾವು ಕೊಡಬಹುದಾದ ಉತ್ತರವು ಎರಡು ಭಾಗಗಳುಳ್ಳದ್ದು. ನೀವು ಆನಂದದಿಂದಿರಲೇಬೇಕೆಂದು ಕ್ರಿಸ್ತರು ನಿಮ್ಮ ಲೆಕ್ಕಕ್ಕೆ ಇನ್ನೊಂದು ಗುರಿಯನ್ನು ಸೇರಿಸಿಲ್ಲ. ನಿಮ್ಮ ಯಂತ್ರದ ಬಳಿಯೂ ಅವರು ಇದ್ದಾರೆ. ಒಂದು ತೋಳನ್ನು ಹೊಲಿದು ಇನ್ನೊಂದನ್ನು ಎತ್ತಿಕೊಳ್ಳುವ ನಡುವೆ ಅವರೊಡನೆ ಒಂದು ಮಾತಾಡಲು ಯಾರ ಅಪ್ಪಣೆಯೂ ಬೇಡ. ಇದು ಮೊದಲನೆಯ ಭಾಗ. ನಿಮ್ಮ ಕೂಲಿ, ನಿಮ್ಮ ಬಿಡುವು, ನಿಮ್ಮ ಭಾನುವಾರ ಇವೆಲ್ಲವೂ ಶುಭಸಂದೇಶದ ವಿಷಯಗಳೇ. ಅವುಗಳಿಗಾಗಿ ನೀವು ದನಿಯೆತ್ತಿದಾಗ ನಿಮ್ಮ ಆನಂದ ಕಡಿಮೆಯಾಯಿತೆಂದು ನಾವು ದೂರುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತೇವೆ. ಇದು ಎರಡನೆಯದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವ ಗುರುವು ಒಡೆಯರಿಗೆ ಅನುಕೂಲನಾಗುತ್ತಾನೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಹೇಳುವವನು, ತಾನು ಮಾತ್ರವೇ ಕೊಡಬಹುದಾಗಿದ್ದ ಸಂಗತಿಯನ್ನು ಕೊಡದೆ ಹೋಗುತ್ತಾನೆ.

6. ನಮ್ಮ ಮನೆಯಿಂದಲೇ

ಈ ಪತ್ರಿಕೆಯ ಓದುಗರು ಗುರುಗಳೂ ಗುರು ಅಭ್ಯರ್ಥಿಗಳೂ ಆಗಿರುವುದರಿಂದ ಕೊನೆಯ ಮಾತು ನಮ್ಮನ್ನೇ ಕುರಿತದ್ದಾಗಿರಬೇಕು. ಮಧ್ಯಾಹ್ನದ ಪಿಶಾಚಿ ಮೊದಲು ಹಿಡಿದದ್ದು ಕಾರ್ಖಾನೆಯ ಕೆಲಸಗಾರರನ್ನಲ್ಲ, ದೇವರ ಕೆಲಸಕ್ಕೆಂದೇ ಮೀಸಲಾದವರನ್ನು. ಬೇರೆ ಧರ್ಮಕೇಂದ್ರ ಸಿಕ್ಕಿದ್ದರೆ, ಬೇರೆ ಜವಾಬ್ದಾರಿ ಸಿಕ್ಕಿದ್ದರೆ ಎಂಬ ಹಂಬಲ. ಕೈಯಲ್ಲಿ ಪ್ರಾರ್ಥನಾ ಪುಸ್ತಕವಿರುವಾಗಲೇ ಫೋನಿನ ಕಡೆಗೆ ಹೊರಳುವ ಕಣ್ಣು. ಭಾನುವಾರವೇ ಅತ್ಯಂತ ವಿಶ್ರಾಂತಿಯಿಲ್ಲದ ದಿನವಾಗಿ, ವಾರದಲ್ಲಿ ಬೇರೊಂದು ಸಬ್ಬತ್ತನ್ನೂ ಇಟ್ಟುಕೊಳ್ಳದ ಬದುಕು. ಎವಾಗ್ರಿಯಸ್ ಇಂದು ಬರೆದರೂ ಹೆಚ್ಚೇನೂ ಬದಲಿಸಬೇಕಾಗಿರಲಿಲ್ಲ. ಆನಂದವಿಲ್ಲದ ಗುರುವು ಆನಂದವನ್ನು ಬೋಧಿಸಿದರೆ ಜನ ಕೇಳುತ್ತಾರೆ, ನಂಬುವುದಿಲ್ಲ.

ಸಹೋದರ ಲಾರೆನ್ಸರನ್ನು ನಾವು ತರಗತಿಯಲ್ಲಿ ಅನೇಕ ವರ್ಷ ಪಾಠ ಮಾಡಿದ್ದೇವೆ. ಒಂದು ವರ್ಷ ವಿದ್ಯಾರ್ಥಿಯೊಬ್ಬರು, ನಮಗೆ ದಿನವೂ ಅಡುಗೆ ಮಾಡುವವರಿಗೆ ವಾರದ ರಜೆ ಯಾವ ದಿನ ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಮೂರು ಹೊತ್ತು ಅವರ ಕೈಯಡುಗೆ ಉಂಡು, ಅಡುಗೆಮನೆಯ ಪಾವಿತ್ರ್ಯವನ್ನು ಕುರಿತು ಉಪನ್ಯಾಸ ಕೊಟ್ಟು, ಆ ಬಾಗಿಲನ್ನು ನಾವು ಒಮ್ಮೆಯೂ ದಾಟಿರಲಿಲ್ಲ. ಆ ದಿನ ದಾಟಿದೆವು. ಅವರಿಗೆ ಗೊತ್ತಾದ ರಜೆಯೇ ಇರಲಿಲ್ಲ. ಹಬ್ಬದ ದಿನಗಳಲ್ಲಿ ಕೆಲಸ ಇನ್ನೂ ಹೆಚ್ಚು. ಅದನ್ನು ಸರಿಪಡಿಸಲು ಕೆಲವು ತಿಂಗಳು ಹಿಡಿಯಿತು. ಈಗ ವಾರಕ್ಕೊಂದು ದಿನ ಅಭ್ಯರ್ಥಿಗಳೇ ಸರದಿಯಂತೆ ಅಡುಗೆ ಮಾಡುತ್ತಾರೆ. ಅನ್ನ ಕೆಲವೊಮ್ಮೆ ಮುದ್ದೆಯಾಗುತ್ತದೆ, ಸಾರು ಕೆಲವೊಮ್ಮೆ ತಳ ಹಿಡಿಯುತ್ತದೆ. ಲಾರೆನ್ಸರನ್ನು ಕುರಿತ ಪಾಠವನ್ನು ನಾವು ಈಗ ಆ ದಿನದ ಊಟದ ಪಾತ್ರೆಗಳನ್ನು ತೊಳೆದ ಮೇಲೆ ಮಾಡುತ್ತೇವೆ.